ಒಂದು ಸೆಲ್ಲು, ಒಂದು ಬಲ್ಬು, ಒಂದೇ ತಂತಿ

ಜನವರಿ. ನರಿನ್ ಪಟ್ಟಣ.
ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಮಕ್ಕಳಿಗೆ ರಜೆ; ಮೇಷ್ಟ್ರುಗಳಿಗೆ ಶಾಲೆ.
ಕಣಿವೆಯ ಹಳ್ಳಿಗಳಿಂದ ಬಂದ ಹತ್ತೊಂಬತ್ತು ಮಂದಿ
ಎಂಟನೇ ತರಗತಿಯ ಬೆಂಚಿನಲ್ಲಿ ಮೊಣಕಾಲು ತುರುಕಿ
ಕೋಟು ಬಿಚ್ಚದೆ ಕೂತಿದ್ದೇವೆ.
ಪಾಠ: ವಿದ್ಯುತ್ತು.

ಕಲಿಸಲು ಬಂದವಳು ಐಜಾರ್ಕಿನ್. ಇಪ್ಪತ್ತೇಳು ವರ್ಷ.
ನಾನು ಈ ಪಾಠ ಮಾಡುತ್ತಿರುವುದೇ ಮೂವತ್ತೊಂದು ವರ್ಷದಿಂದ.
ಓಮ್‌ನ ನಿಯಮ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ;
ನಿದ್ದೆಯಲ್ಲೇ ಪಾಠ ಮಾಡ್ತೀಯ ಅಂತ
ನಗುತ್ತಿದ್ದ ಗಂಡ, ಇದ್ದಾಗ.

ಅವಳು ಭಾಷಣ ಮಾಡಲಿಲ್ಲ.
ಒಬ್ಬೊಬ್ಬರ ಮುಂದೂ ಇಟ್ಟಳು
ಒಂದು ಸೆಲ್ಲು, ಟಾರ್ಚಿನ ಬಲ್ಬು, ಗೇಣುದ್ದ ತಂತಿ.
ಒಂದೇ ತಂತಿ.
‘ಹೊತ್ತಿಸಿ’ ಅಂದಳು. ಅಷ್ಟೇ.

ಇದೇನು ಮಹಾ!
ಸೆಲ್ಲಿನ ತಲೆಗೆ ತಂತಿ, ತಂತಿಯ ತುದಿಗೆ ಬಲ್ಬಿನ ಬುಡ.
ಹೊತ್ತಲಿಲ್ಲ.
ತಂತಿ ತಿರುಗಿಸಿದೆ. ಬಲ್ಬು ತಿರುಗಿಸಿದೆ.
‘ಈ ಸೆಲ್ಲು ಸತ್ತಿದೆ’ ಅಂದೆ; ಬೇರೆ ಕೊಟ್ಟಳು.
ಅದೂ ಸತ್ತಿತು ನನ್ನ ಕೈಯಲ್ಲಿ.
ಪಕ್ಕದ ಜೋಲ್ದೋಶ್, ಜಿಲ್ಲಾ ಬಹುಮಾನ ಪಡೆದವನು,
ಕೋಟಿನ ಮರೆಯಲ್ಲಿ ತಡಕಾಡುತ್ತಿದ್ದ,
ಕಾಪಿ ಹೊಡೆಯುವ ಹುಡುಗನ ಹಾಗೆ.
ನನ್ನ ಕಿವಿಗಳು ಬಿಸಿಯಾದವು.
ಆ ಕೋಣೆಯಲ್ಲಿ ಬಿಸಿಯಾದದ್ದು ಅವೆರಡೇ.

ಕೊನೆಗೆ ಹೊತ್ತಿಸಿದವಳು ರಸಾಯನಶಾಸ್ತ್ರದವಳು,
ಪಟ್ಟಿಯಲ್ಲಿ ಹೆಸರು ತಪ್ಪಿ ಇಲ್ಲಿಗೆ ಬಂದವಳು.
ಬಲ್ಬನ್ನು ಸೆಲ್ಲಿನ ನೆತ್ತಿಯ ಮೇಲೆ ಕೂರಿಸಿ
ಸೆಲ್ಲಿನ ಬುಡದಿಂದ ತಂತಿ ತಂದು
ಬಲ್ಬಿನ ಸೊಂಟಕ್ಕೆ ಮುಟ್ಟಿಸಿದಳು.
ಸೊಂಟ!
ಇಷ್ಟು ವರ್ಷ ಹಲಗೆಯ ಮೇಲೆ
ಸೊನ್ನೆಯೊಳಗೊಂದು ಗುಣಾಕಾರ ಚಿಹ್ನೆ ಗೀಚಿ
ಇದೇ ಬಲ್ಬು, ಬರ್ಕೊಳ್ಳಿ, ಅಂದಿದ್ದೆ.
ಚಿಹ್ನೆಗೆಲ್ಲಿಯ ಸೊಂಟ?

ಮಧ್ಯಾಹ್ನ ಕರೆಂಟು ಹೋಯಿತು, ಎಂದಿನಂತೆ.
ದೇಶಕ್ಕೆಲ್ಲ ಬೆಳಕು ಹೊತ್ತ ನದಿ
ಕಿಟಕಿಯ ಕೆಳಗೇ, ಮಂಜುಗಡ್ಡೆಯಡಿ ನಡೆದಿತ್ತು;
ಅದನ್ನು ಕೇಳುವಂತಿಲ್ಲ.
ಐಜಾರ್ಕಿನ್ ಚೀಲದಿಂದ ಹಗ್ಗ ತೆಗೆದಳು,
ಅಜ್ಜಿಯ ಉಣ್ಣೆಡೇರೆಯದು, ಕುದುರೆಗೂದಲಿನದು.
ತುದಿಗೆ ತುದಿ ಗಂಟು.
ಸುತ್ತ ನಿಂತೆವು, ಬೆರಳು ಸಡಿಲ ಬಿಟ್ಟು.
ಅವಳು ಎಳೆದಳು. ಎಲ್ಲರ ಕೈಯಲ್ಲೂ
ಒಂದೇ ಸಲಕ್ಕೆ ಹೊರಟಿತು ಹಗ್ಗ.
‘ಬುರುಲ್ಸುನ್ ಏಜೆ, ನೀವೊಬ್ಬರು ಬಿಗಿ ಹಿಡೀರಿ.’
ಹಿಡಿದೆ. ಅಂಗೈ ಚುರ್ರೆಂದಿತು.
ನನ್ನಲ್ಲಿ ನಿಧಾನವಾದದ್ದು
ಆಚೆ ಬದಿಯ ಜೋಲ್ದೋಶನಲ್ಲೂ ಆಗಲೇ ನಿಧಾನ.

‘ಈಗ ನೀವು ಬಲ್ಬು. ಹಗ್ಗ ಎಷ್ಟು ಖರ್ಚಾಯ್ತು?’
ಒಂದು ಕೂದಲೂ ಇಲ್ಲ.
‘ಮತ್ತೆ ಖರ್ಚಾದದ್ದು?’
ಯಾರೂ ಮಾತಾಡಲಿಲ್ಲ.
ಅವಳೊಬ್ಬಳೇ ಏದುಸಿರು ಬಿಡುತ್ತಿದ್ದಳು,
ಹಣೆಯ ಮೇಲೆ ಬೆವರು, ಅಂಥ ಚಳಿಯಲ್ಲೂ.

ಆಗ ನೆನಪಾದ, ತೊಂಬತ್ತೆಂಟರ ಉಲುಕ್‌ಬೆಕ್.
ಕಡೆಯ ಬೆಂಚು, ಅಣ್ಣನ ಬೂಟು.
‘ಏಜೆ, ಬಲ್ಬು ದಾಟಿದ ಕರೆಂಟು
ಬರಿಗೈಲಿ ವಾಪಸು ಹೋಗುತ್ತಾ?’
ಪುಸ್ತಕದಲ್ಲಿಲ್ಲದ್ದು ಕೇಳಬೇಡ, ಕೂತ್ಕೋ, ಅಂದಿದ್ದೆ.
ಕೂತ.
ಶಾಲೆ ಬಿಡುವವರೆಗೂ ಮತ್ತೆ ಏಳಲಿಲ್ಲ.

ಈಗ ಅವನು ನಮ್ಮೂರಿನ ಲೈನ್‌ಮನ್.
ಅವನ ನಂಬರು ಊರಿಗೆಲ್ಲ ಬಾಯಿಪಾಠ.
ರಾತ್ರಿ ಹಾಸ್ಟೆಲಿನ ಕತ್ತಲಲ್ಲಿ ಫೋನು ಮಾಡಿದೆ.
‘ಎಂಟಕ್ಕೆ ಬರುತ್ತೆ ಏಜೆ, ಫೇಸು ಹೋಗಿದೆ’ ಅಂದ,
ಎಲ್ಲರಿಗೂ ಅನ್ನುವ ಹಾಗೆ.
‘ಕರೆಂಟಿಗಲ್ಲ ಕಣೋ.
ನಿಂಗೊಂದು ಉತ್ತರ ಬಾಕಿ ಇತ್ತು.’

ಆ ಕಡೆ ಬರೀ ಗಾಳಿ. ತಂತಿಗಳ ಗುಂಯ್ ಸದ್ದು.
ಕಂಬದ ಮೇಲಿದ್ದಾನೆ.
‘ಮೊದಲು ಇಳಿ’ ಅಂದೆ.
‘ಭಾನುವಾರ ಮನೆಗೆ ಬಾ.
ಬರುವಾಗ ಒಂದು ಹಗ್ಗ ತಾ.’